ವಿನೋದಿನಿಯ ಡಬ್ಬಿ

ಉಪವಾಸದ ದಿನ ಹುಡುಕಿಕೊಂಡು ಹೋಗಿ ಊರಿಗೆಲ್ಲ ಬನ್ಸ್ ಹಂಚಲು ನಿಂತವಳು ಇಡೀ ಮುಂಬಯಿಯಲ್ಲಿ ಯಾರಾದರೂ ಇದ್ದರೆ ಅವಳು ನಮ್ಮ ರಂಜನಾ ಒಬ್ಬಳೇ.

ಪಾಪ, ಅವಳಿಗೆ ಗೊತ್ತಿರಲಿಲ್ಲ. ಯೂನಿವರ್ಸಿಟಿಯಲ್ಲಿ ಜಾನಪದದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಊರು ಬಿಟ್ಟು ಮುಂಬಯಿಗೆ ಬಂದ ಜನ ಮನೆಯೊಳಗೆ ಹೇಳಿಕೊಳ್ಳುವ ಕಥೆಗಳೇ ಅವಳ ವಿಷಯ. ಕುರ್ಲಾದಲ್ಲಿ ಮಾರ್ಮನ್ ಎಂಬ ಅಮೆರಿಕದ ಕ್ರೈಸ್ತ ಚರ್ಚಿನವರ ಒಂದು ಸಣ್ಣ ಸಭೆ ನಡೆಯುತ್ತದೆ, ಅದರಲ್ಲಿ ಉಡುಪಿ ಕಡೆಯ ಒಂದು ಮನೆಯವರೂ ಇದ್ದಾರೆ ಎಂದು ಯಾರೋ ಹೇಳಿದ್ದೇ ತಡ, ನವೆಂಬರಿನ ಮೊದಲ ಭಾನುವಾರ ಬೈಕುಲ್ಲಾದ ತಮ್ಮ ಹೋಟೆಲಿನಿಂದ ಬಾಳೆಹಣ್ಣು ಹಾಕಿ ಕರಿದ ನಲವತ್ತು ಬಿಸಿ ಬನ್ಸ್ ಕಟ್ಟಿಸಿಕೊಂಡು ಲೋಕಲ್ ಹತ್ತಿದಳು. ಹೊಸಬರ ಹತ್ತಿರ ಬರಿಗೈಯಲ್ಲಿ ಹೋಗಬಾರದಲ್ಲ!

ಸ್ಟೇಷನ್ ಹತ್ತಿರದ ಬಿಲ್ಡಿಂಗೊಂದರ ಎರಡನೇ ಮಹಡಿಯ ಹಾಲು. ಬಾಗಿಲಲ್ಲಿ ಡಬ್ಬ ತೆರೆದು ಹಿಡಿದರೆ ಒಬ್ಬರೂ ಕೈ ಹಾಕಲಿಲ್ಲ. ಎಲ್ಲರೂ ನಗುತ್ತಾರೆ, ಕೈ ಮುಗಿಯುತ್ತಾರೆ, ಮುಂದೆ ಹೋಗುತ್ತಾರೆ. ಕೊನೆಗೆ ಬಿಳಿ ಶರ್ಟು, ನೀಲಿ ಟೈ, ಕಂಕುಳಲ್ಲಿ ರಿಜಿಸ್ಟರ್ ಇಟ್ಟುಕೊಂಡಿದ್ದ ಎತ್ತರದ ಹುಡುಗನೊಬ್ಬ ಹತ್ತಿರ ಬಂದ.

"ಮೇಡಂ, ಎಂತ ಇದು? ರೀಲ್ ಮಾಡ್ಲಿಕ್ಕೆ ಬಂದದ್ದಾ?"

"ಅಲ್ಲ. ಇದು ಬನ್ಸ್."

"ಬನ್ಸ್ ಅಂತ ಗೊತ್ತುಂಟು. ಮೂಗು ಉಂಟಲ್ಲ ನನಗೆ. ಇವತ್ತು ತಿಂಗಳ ಮೊದಲ ಭಾನುವಾರ. ನಮಗೆಲ್ಲ ಎರಡು ಹೊತ್ತು ಉಪವಾಸ. ನಾವು ಬಿಟ್ಟ ಊಟದ ದುಡ್ಡು ಇಲ್ಲದವರಿಗೆ ಸೇರ್ತದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ರಂಜನಾಳಿಗೆ. ಗಡಬಡಿಸಿ ಡಬ್ಬ ಮುಚ್ಚಿದಳು. ಡಬ್ಬ ಮುಚ್ಚಬಹುದು, ಬಾಳೆಹಣ್ಣಿನ ಆ ಘಮವನ್ನು ಮುಚ್ಚುವುದು ಹೇಗೆ? ಅಷ್ಟರಲ್ಲಿ ಆ ಹುಡುಗನ ಹೊಟ್ಟೆ ಗುರ್ರ್ ಎಂದಿತು. ಅವಳು ಕೇಳಿಸಿಕೊಂಡಳು. ಅವಳು ಕೇಳಿಸಿಕೊಂಡದ್ದು ಅವನಿಗೂ ಗೊತ್ತಾಯಿತು. ಇಬ್ಬರೂ ಗೋಡೆಯ ಗಡಿಯಾರ ನೋಡಿದರು.

ಅವನು ನವೀನ ಸುವರ್ಣ. ವಾರವಿಡೀ ದಾದರಿನ ಒಂದು ಸರ್ವೇ ಕಂಪನಿಯಲ್ಲಿ ಹಳೇ ಕಟ್ಟಡಗಳ ಅಳತೆ ತೆಗೆಯುವ ಕೆಲಸ, ಭಾನುವಾರ ಈ ಸಭೆಯ ಕ್ಲರ್ಕು. ಇಂಚು ಆಚೀಚೆ ಆದರೆ ನಿದ್ದೆ ಬಾರದ ಜಾತಿಯವನು.

ಆ ದಿನ ಸಭೆಯಲ್ಲಿ ಯಾರು ಬೇಕಾದರೂ ಎದ್ದು ತಮ್ಮ ಬಾಳಿನಲ್ಲಿ ದೇವರು ಕಂಡ ಬಗೆಯನ್ನು ಹೇಳಬಹುದು. ಮೂರನೆಯವರಾಗಿ ಎದ್ದವರು ನವೀನನ ತಾಯಿ. ಐವತ್ತೆಂಟರ ಆಸುಪಾಸಿನ ದುಂಡು ಮುಖದ ಹೆಂಗಸು. ಚರ್ಚಿನಲ್ಲಿ ಎಲ್ಲರಿಗೂ ಅವರು ಸಿಸ್ಟರ್ ಸುವರ್ಣ. ತಾಯಿ ಮೈಕ್ ಹಿಡಿದದ್ದೇ ಮಗ ನೆಲ ನೋಡತೊಡಗಿದ.

"ಎರಡು ಸಾವಿರದ ಐದರ ಮಳೆ ನಿಮಗೆಲ್ಲ ನೆನಪುಂಟು," ಎಂದರು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ. "ಚಾಳಿನಲ್ಲಿ ನಾನೊಬ್ಬಳೇ. ಅಂಗಳದಲ್ಲಿ ಮೊಣಕಾಲು ನೀರು. ಇವನ ಅಪ್ಪ ಪನ್ವೇಲಿನಲ್ಲಿ ಸಿಕ್ಕಿಬಿದ್ದಿದ್ರು, ಇವನು ಶಾಲೆಯಲ್ಲಿ. ಒಂಬತ್ತು ವರ್ಷದ ಮಗು ಉಳಿಯಿತೋ ಇಲ್ಲವೋ ಗೊತ್ತಿಲ್ಲ. ಬಾಗಿಲಲ್ಲಿ ನಿಂತು ಪ್ರಾರ್ಥನೆ ಮಾಡ್ತಿದ್ದೆ. ನೋಡ್ತೇನೆ, ಮೆಟ್ಟಿಲಲ್ಲಿ ಒಬ್ಬ ಅಜ್ಜ! ಬಿಳಿ ಬಟ್ಟೆ. ಒಳಗೆ ಕರೆದು ಇದ್ದ ಗಂಜಿ ಬಡಿಸಿದೆ. ಉಂಡು ಎದ್ದವರು ಹೇಳಿದ್ರು, ಅಳಬೇಡ, ನಿನ್ನ ಮಗ ಮಹಡಿ ಮೇಲೆ ಬಿಸ್ಕೆಟ್ ತಿಂತಾ ಇದ್ದಾನೆ, ನಾಳೆ ಬರ್ತಾನೆ. ನಾನು ಮಗನ ಸುದ್ದಿಯೇ ಎತ್ತಿರಲಿಲ್ಲ! ಕೊಡೆ ತರ್ತೇನೆ ಅಂತ ಒಳಗೆ ಹೋಗಿ ಬಂದರೆ ಅಜ್ಜ ಇಲ್ಲ. ಒಂದು ಹೆಜ್ಜೆ ಗುರುತೂ ಇಲ್ಲ. ಮರುದಿನ ಮಗ ಬಂದ. ಆ ಮೂವರಲ್ಲಿ ಒಬ್ಬರು ನನ್ನ ಕೈಯ ಗಂಜಿ ಉಂಡು ಹೋಗಿದ್ದಾರೆ."

ಆ ಮೂವರು ಯಾರೆಂದು ರಂಜನಾ ಓದಿಕೊಂಡು ಬಂದಿದ್ದಳು. ಯೇಸುವಿನ ಮೂವರು ಶಿಷ್ಯರು ಸಾವನ್ನು ಬೇಡವೆಂದು, ಅವನು ಮರಳಿ ಬರುವವರೆಗೂ ಭೂಮಿಯಲ್ಲಿ ತಿರುಗುತ್ತ ಜನರಿಗೆ ಒಳ್ಳೆಯದು ಮಾಡುವ ವರ ಬೇಡಿಕೊಂಡರಂತೆ. ಇದು ಮಾರ್ಮನ್ನರ ನಂಬಿಕೆ. ಅಮೆರಿಕದ ಯೂಟಾದಲ್ಲಿ ನೂರೈವತ್ತು ವರ್ಷದಿಂದ ಮನೆಮನೆಯಲ್ಲಿ ಈ ಕಥೆ ಉಂಟು. ಬಾಗಿಲಿಗೆ ಒಬ್ಬ ಮುದುಕ ಬರುತ್ತಾನೆ, ರೊಟ್ಟಿ ಕೇಳುತ್ತಾನೆ, ಹರಸುತ್ತಾನೆ, ಮಾಯವಾಗುತ್ತಾನೆ. ಅದೇ ಮುದುಕ ಕುರ್ಲಾದ ಚಾಳಿಗೆ ಬಂದು ಗಂಜಿ ಉಂಡ ಎಂದು ಕೇಳಿ ಅವಳ ಮೈ ಜುಮ್ಮೆಂದಿತು.

ಸಭೆ ಮುಗಿದ ಮೇಲೆ ನವೀನ ನೇರವಾಗಿ ಬಂದು ಕೇಳಿದ, "ನಗು ಬಂತಾ?"

ಅವಳು ತಲೆ ಎತ್ತಿದಳು. ಕಣ್ಣು ಒದ್ದೆಯಾಗಿತ್ತು. ಇಂಥದ್ದಕ್ಕೆ ಅವನು ತಯಾರಿರಲಿಲ್ಲ. ಟೈ ಸರಿ ಮಾಡಿಕೊಂಡ, ಸರಿ ಇದ್ದ ಟೈಯನ್ನೇ.

"ನಿಮಗೆ ನಾಚಿಕೆಯಾ ಈ ಕಥೆ?" ಎಂದಳು.

"ಕಾಲೇಜಿನಲ್ಲಿ ನನ್ನನ್ನು ಗಂಜಿ ಅಂತಲೇ ಕರೀತಿದ್ರು," ಎಂದ. "ಪ್ರತಿ ವರ್ಷ ನಮ್ಮ ಸಭೆಯ ಇತಿಹಾಸ ಬರೆದು ಯೂಟಾದ ಹೆಡ್ಡಾಫೀಸಿಗೆ ಕಳಿಸ್ಬೇಕು. ಅಲ್ಲಿ ಅದು ಶಾಶ್ವತವಾಗಿ ಉಳೀತದೆ. ಬರೆಯುವವನು ನಾನು. ತನ್ನ ಕಥೆ ಅದರಲ್ಲಿ ಹೋಗಬೇಕು ಅಂತ ಅಮ್ಮನಿಗೆ ಐದು ವರ್ಷದಿಂದ ಒಂದೇ ಆಸೆ. ನಾನು ಹಾಕ್ಲಿಲ್ಲ. ಮೊಣಕಾಲು ನೀರಿನಲ್ಲಿ ಹೆಜ್ಜೆ ಗುರುತು ಎಲ್ಲಿಂದ ಬರ್ಬೇಕು ಮೇಡಂ? ಪ್ರೂಫ್ ಏನುಂಟು? ಈ ವರ್ಷದ್ದು ಡಿಸೆಂಬರ್ ಕೊನೆಗೆ ಹೋಗ್ತದೆ. ಇದರಲ್ಲೂ ಇರೋದಿಲ್ಲ."

"ಇರ್ತದೆ," ಎಂದಳು ರಂಜನಾ. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ. ಬನ್ಸಿನ ಡಬ್ಬವನ್ನು ಅವನ ರಿಜಿಸ್ಟರಿನ ಮೇಲೆ ಇಟ್ಟಳು. "ಉಪವಾಸ ಮುಗಿದ ಮೇಲೆ ತಿನ್ನಿ."

*

ಆಮೇಲೆ ಪ್ರತಿ ಬುಧವಾರ ದಾದರಿನ ಒಂದು ಹೋಟೆಲಿನಲ್ಲಿ ಭೇಟಿ. ಅವನ ಆಫೀಸು ಬಿಡುವ ಹೊತ್ತಿಗೆ ಇವಳ ಲೈಬ್ರರಿ ಮುಗಿಯುತ್ತಿತ್ತು. ಅದು ಹೇಗೆ ಪ್ರತಿ ವಾರವೂ ಸರಿಹೊಂದುತ್ತಿತ್ತು ಎಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ.

"ಎರಡು ಕಾಫಿ," ಎಂದಳು ಮೊದಲ ದಿನ.

"ಒಂದು ಕಾಫಿ, ಒಂದು ಬಾದಾಮಿ ಹಾಲು," ಎಂದ ಅವನು. "ನಮ್ಮಲ್ಲಿ ಕಾಫಿ, ಚಹಾ ಕುಡಿಯೋದಿಲ್ಲ."

ರಂಜನಾ ಅವನನ್ನು ದಿಟ್ಟಿಸಿ ನೋಡಿದಳು. "ನಮ್ಮ ಅಜ್ಜ ಐವತ್ತು ವರ್ಷದಿಂದ ಕಾಫಿ ಮಾರ್ತಿದ್ದಾರೆ. ಹೀಗೆ ಹೇಳುವವರನ್ನು ನಾನು ಕಣ್ಣಾರೆ ಕಂಡದ್ದು ಇವತ್ತೇ."

"ನೋಡಿಕೊಳ್ಳಿ ಹಾಗಾದರೆ, ಚೆನ್ನಾಗಿ."

ಅವಳು ನೋಡಿಕೊಂಡಳು. ಚೆನ್ನಾಗಿಯೇ ಇದ್ದ, ಹಾಳಾದವನು. ಬಲಗೆನ್ನೆಯಲ್ಲಿ ಮಾತ್ರ ಒಂದು ಗುಳಿ, ನಕ್ಕರೆ ಬರುತ್ತದೆ, ನಗುವುದು ಅಪರೂಪ. ಹಾಲಿನ ಕೆನೆಯನ್ನು ಚಮಚದಿಂದ ತೆಗೆದು ತಟ್ಟೆಯ ಅಂಚಿಗೆ ನೀಟಾಗಿ ಇಡುತ್ತಾನೆ. ಅವಳು ಆ ಕೆನೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡದ್ದು ಮೂರನೇ ಬುಧವಾರ. ನಾಲ್ಕನೇ ಬುಧವಾರ ಅವನೇ ಕೆನೆಯನ್ನು ಅವಳ ಕಡೆಯ ಅಂಚಿಗೇ ಇಟ್ಟ.

ಜಗಳವೂ ಜೋರಾಗಿಯೇ ನಡೆಯುತ್ತಿತ್ತು.

"ನಿಮ್ಮ ಚರ್ಚಿನ ಹಳೇ ಜನ ಯೂಟಾ ಸೇರಲು ಎಷ್ಟು ಕೈಗಾಡಿ ಎಳೆದುಕೊಂಡು ಅಷ್ಟು ದೂರ ನಡೆದರು, ಯಾವ ತಾರೀಕಿಗೆ ಹೊರಟರು, ಇದೆಲ್ಲ ದಾಖಲೆಯಲ್ಲಿ ಉಂಟು," ಎನ್ನುತ್ತಿದ್ದಳು. "ಆದರೆ ಆ ಅಮ್ಮಂದಿರಿಗೆ ಯಾವುದರ ಹೆದರಿಕೆ ಇತ್ತು, ಯಾವುದು ನಡೆದರೆ ಸಾಕು ಅಂತ ಆಸೆ ಇತ್ತು, ಅದು ದಾಖಲೆಯಲ್ಲಿ ಸಿಗ್ತದಾ? ಅದಕ್ಕೆ ಕಥೆಯೇ ಬೇಕು. ಮೊದಮೊದಲು ಆ ಮುದುಕ ಹೊಲದ ಮನೆಗೆ ಬಂದು ರೊಟ್ಟಿ ಕೇಳ್ತಿದ್ದ. ಕಾರು ಬಂದ ಮೇಲೆ ಹೈವೇಯಲ್ಲಿ ಕೆಟ್ಟು ನಿಂತವರ ಗಾಡಿ ರಿಪೇರಿ ಮಾಡಿಕೊಟ್ಟು ಮಾಯವಾಗ್ತಾನೆ. ಜನರ ಬದುಕು ಬದಲಾದ ಹಾಗೆ ಅವನ ಕೆಲಸವೂ ಬದಲು! ಅದೇ ಇತಿಹಾಸ ಅಲ್ವಾ? ನಿಮ್ಮ ಅಮ್ಮ ಅವನನ್ನು ಮುಂಬಯಿಗೆ ಕರೆಸಿದ್ದಾರೆ. ನಿಮ್ಮ ಚರ್ಚು ಇಲ್ಲಿ ಬೇರು ಬಿಟ್ಟದ್ದಕ್ಕೆ ಇದಕ್ಕಿಂತ ದೊಡ್ಡ ಪ್ರೂಫ್ ಎಂತದು?"

"ನೀವು ವಕೀಲರಾಗಬೇಕಿತ್ತು."

"ನೀವು ಸೋತಿರಿ ಅಂತ ಅರ್ಥವಾ?"

"ಕೆನೆ ತಿನ್ನಿ," ಎಂದ. ಗುಳಿ ಕಂಡಿತು.

ಅವಳಿಗೆ ಜಾನಪದದ ಈ ಹುಚ್ಚು ಹಿಡಿದದ್ದೇ ಒಂದು ಕಥೆಯಿಂದ. ಬೈಕುಲ್ಲಾದ ಅವರ ಹೋಟೆಲಿನ ಗಲ್ಲಾದ ಮೇಲೆ, ದೇವರ ಪಟದ ಪಕ್ಕ, ಒಂದು ಸಣ್ಣ ಸ್ಟೀಲ್ ಡಬ್ಬಿ ಉಂಟು. ಮೇಲೆ 'ವಿನೋದಿನಿ' ಎಂದು ಹೆಸರು ಕೊರೆದಿದೆ, ಕೆಳಗೆ 'ಅಣ್ಣಂದಿರಿಂದ' ಎಂದು. ಮದುವೆಯಲ್ಲಿ ಉಡುಗೊರೆ ಕೊಡುವ ಪಾತ್ರೆಗೆ ಹೆಸರು ಕೊರೆಸುವುದು ಉಂಟಲ್ಲ, ಹಾಗೆ. ಯಾರ ಡಬ್ಬಿ? ಅವಳ ಅಜ್ಜ ಸೀನ ಶೆಟ್ಟರು ಬಾಯಿ ಬಿಡುವುದಿಲ್ಲ. ಅಡುಗೆಯವರು ದೇವಿ ಅನ್ನುತ್ತಾರೆ, ಸಪ್ಲೈಯರುಗಳು ಅಜ್ಜನ ತೀರಿಹೋದ ತಂಗಿ ಅನ್ನುತ್ತಾರೆ, ಅಜ್ಜಿಗೆ ಮಾತ್ರ ಅದು ಹಳೇ ಲವ್ ಎಂದು ಗಟ್ಟಿ ಅನುಮಾನ. ಹಸಿದವರು, ಕೈಯಲ್ಲಿ ಏನೂ ಇಲ್ಲದವರು ಬಂದು ಕೂತರೆ ಅಜ್ಜ ಕಣ್ಣಲ್ಲೇ ಸನ್ನೆ ಮಾಡುತ್ತಾರೆ, ಸಪ್ಲೈಯರು ಅಡುಗೆಮನೆಗೆ "ಒಂದು ವಿನೋದಿನಿ!" ಎಂದು ಕೂಗುತ್ತಾನೆ. ಊಟ ಬರುತ್ತದೆ, ಬಿಲ್ ಬರುವುದಿಲ್ಲ, ಪಕ್ಕದ ಟೇಬಲಿನವರಿಗೆ ಗೊತ್ತೂ ಆಗುವುದಿಲ್ಲ. ಇಪ್ಪತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ.

*

ಡಿಸೆಂಬರಿನ ಮೊದಲ ಶನಿವಾರ ರಂಜನಾ ರೆಕಾರ್ಡರ್ ಹಿಡಿದು ನವೀನನ ಮನೆಗೆ ಹೋದಳು. ಹಳೇ ಚಾಳು ಮಳೆಯ ಮರುವರ್ಷವೇ ಬಿತ್ತಂತೆ, ಈಗ ಕುರ್ಲಾದಲ್ಲೇ ಬೇರೊಂದು ಬಿಲ್ಡಿಂಗು. ಅಪ್ಪ ತೀರಿಕೊಂಡು ನಾಲ್ಕು ವರ್ಷ. ಮನೆಯಲ್ಲಿ ತಾಯಿ, ಮಗ ಇಬ್ಬರೇ.

ಕಥೆ ಪೂರ್ತಿ ಆಯಿತು. ನವೀನ ಕಿಟಕಿಯ ಹತ್ತಿರ ನಿಂತು ಕೇಳದವನಂತೆ ಕೇಳುತ್ತಿದ್ದ.

"ಅವರನ್ನು ಹೇಗೆ ಕರೆದ್ರಿ ಆಂಟೀ ಒಳಗೆ?"

"ಅಜ್ಜಾ, ಉಲಾಯಿ ಬಲೆ, ಅಂದೆ. ಆ ಗಾಬರಿಯಲ್ಲಿ ತುಳುವೇ ಬಂತು ಬಾಯಿಗೆ. ಅವರಿಗೆ ಅರ್ಥ ಆಯ್ತು ನೋಡಿ! ಕುರ್ಲಾದ ಆ ನೀರಿನಲ್ಲಿ ತುಳು ಬರುವ ಮುದುಕ ಎಲ್ಲಿಂದ ಬರ್ಬೇಕು? ಆಮೇಲೆ ಒಂದು ವರ್ಷಕ್ಕೆ ಅಮೆರಿಕದಿಂದ ಒಬ್ಬ ಮುದುಕಿ ಸಿಸ್ಟರ್ ಬಂದಿದ್ದರು. ಅವರ ಊರಿನ ಈ ಕಥೆ ಹೇಳಿದಾಗ ನಾನು ಎದ್ದು ನಿಂತುಬಿಟ್ಟೆ. ಅಯ್ಯೋ, ನಮ್ಮ ಮನೆಗೂ ಬಂದಿದ್ರು!"

"ಮತ್ತೆ ಏನಾದರೂ ನೆನಪುಂಟಾ? ಸಭೆಯಲ್ಲಿ ಹೇಳದ್ದು?"

ಸಿಸ್ಟರ್ ಸುವರ್ಣ ಮಗನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಒಂದು ಉಂಟು. ಇವನು ತಮಾಷೆ ಮಾಡ್ತಾನೆ ಅಂತ ಹೇಳೋದಿಲ್ಲ. ದಾರಿಗೆ ಬೇಕಾಗ್ತದೆ ಅಂತ ಒಂದು ಡಬ್ಬಿಯಲ್ಲಿ ಅವಲಕ್ಕಿ ಬೆಲ್ಲ ಹಾಕಿ ಕೊಟ್ಟೆ. ಡಬ್ಬಿ ಸಮೇತ ಹೋದ್ರು."

"ಸಾವಿಲ್ಲದವರಿಗೆ ಟಿಫಿನ್ ಯಾಕಮ್ಮಾ?" ಎಂದ ನವೀನ ಕಿಟಕಿಯಿಂದ.

"ನೋಡಿದ್ಯಾ! ನನ್ನ ಮದುವೆಯಲ್ಲಿ ಅಣ್ಣಂದಿರು ಕೊಟ್ಟದ್ದು ಮಾರಾಯ್ತಿ, ಹೆಸರು ಕೊರೆಸಿ. ಪುಣ್ಯಕ್ಕೆ ಕೊಟ್ಟದ್ದು ಕೇಳಬಾರದು. ಆದರೂ ಒಮ್ಮೊಮ್ಮೆ ನೆನಪಾಗ್ತದೆ."

ರಂಜನಾಳ ಕೈ ರೆಕಾರ್ಡರಿನ ಮೇಲೆ ನಿಂತಿತು. "ಆಂಟೀ... ನಿಮ್ಮ ಹೆಸರು?"

"ನನ್ನದಾ?" ಅವರು ನಾಚಿಕೊಂಡರು. "ಅದನ್ನು ಯಾರು ಕರೀತಾರೆ ಈಗ? ಚಾಳಿನಲ್ಲಿ ನವೀನ್ ಕೀ ಮಮ್ಮಿ, ಚರ್ಚಿನಲ್ಲಿ ಸಿಸ್ಟರ್ ಸುವರ್ಣ. ಕರೀತಿದ್ದವರು ಇವನ ಅಪ್ಪ ಒಬ್ಬರೇ. ವಿನೋದಿನಿ."

ರಂಜನಾ ರೆಕಾರ್ಡರ್ ಆಫ್ ಮಾಡಿದಳು. ತಲೆನೋವು ಎಂದು ಏನೋ ಸಬೂಬು ಹೇಳಿ ಎದ್ದಳು. ಇಟ್ಟ ಕಷಾಯ ಹಾಗೇ ಉಳಿಯಿತು. ಬಾಗಿಲಲ್ಲಿ ನವೀನನ ಮುಖ ನೋಡಲು ಧೈರ್ಯ ಬರಲಿಲ್ಲ.

ಬೈಕುಲ್ಲಾ ತಲುಪಿ ಸೀದಾ ಗಲ್ಲಾದ ಹತ್ತಿರ ಹೋಗಿ ಡಬ್ಬಿ ಇಳಿಸಿ ಅಜ್ಜನ ಮುಂದೆ ಇಟ್ಟಳು. "ಅಜ್ಜಾ, ಕುರ್ಲಾ. ಮಳೆ. ಉಲಾಯಿ ಬಲೆ ಅಂತ ಒಬ್ಬರು ಕರೆದ್ರು. ಹೌದಾ ಅಲ್ವಾ?"

ಎಂಬತ್ತಾರರ ಸೀನ ಶೆಟ್ಟರು ಕನ್ನಡಕ ತೆಗೆದರು. ಒರೆಸಿ ಮತ್ತೆ ಹಾಕಿಕೊಂಡರು.

"ನಿನ್ನ ಅಜ್ಜಿಗೆ ಹೇಳಬೇಡ," ಎಂದರು ಕೊನೆಗೆ. "ಘಾಟ್ಕೋಪರಿನಿಂದ ನಡೆದುಕೊಂಡು ಬರ್ತಿದ್ದೆ. ಕಾಲು ಸೋತಿತ್ತು, ಎದೆ ಹಿಡಿದಿತ್ತು. ಸಾಕು, ಇಲ್ಲೇ ಆಗಲಿ ಅಂತ ಒಂದು ಮೆಟ್ಟಿಲ ಮೇಲೆ ಕೂತೆ. ಮನೆಯವರ ಮುಖವೂ ಕಣ್ಣಿಗೆ ಬರಲಿಲ್ಲ ಮಗಾ. ಅದನ್ನು ಹೇಗೆ ಹೇಳುವುದು ಅವಳಿಗೆ? ಆಗ ಆ ತಾಯಿ ಕರೆದದ್ದು, ನಮ್ಮ ಮಾತಿನಲ್ಲಿ. ಮನುಷ್ಯರಾ, ಬೇರೆ ಯಾರಾದರೂವಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಡಬ್ಬಿ ಕೊಡ್ಲಿಕ್ಕೆ ಮೂರು ಸಲ ಹೋದೆ. ನೀರು ಇಳಿದ ಮೇಲೆ ಚಾಳುಗಳೆಲ್ಲ ಒಂದೇ ಹಾಗೆ, ಮನೆಯ ಗುರುತು ಸಿಗಲಿಲ್ಲ. ವಿನೋದಿನಿ ಎಲ್ಲಿ ಅಂತ ಕೇಳಿದೆ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂದ್ರು."

*

ಹೇಳುವುದೋ ಬಿಡುವುದೋ? ಬುಧವಾರದ ತನಕ ರಂಜನಾಳಿಗೆ ಅನ್ನ ಸೇರಲಿಲ್ಲ. ಹೇಳಿದರೆ ಇಪ್ಪತ್ತು ವರ್ಷ ಒಬ್ಬ ತಾಯಿ ಎದೆಯಲ್ಲಿಟ್ಟುಕೊಂಡ ದೇವದೂತ ಬೈಕುಲ್ಲಾದ ಶೆಟ್ಟಿಯಾಗುತ್ತಾನೆ. ಹೇಳದಿದ್ದರೆ ಪ್ರತಿ ವಾರ ಈ ಹುಡುಗನ ಎದುರು ಸುಳ್ಳು ಮುಖ ಹೊತ್ತು ಕೂರಬೇಕು. ಅದು ಅವಳಿಂದ ಆಗದ ಕೆಲಸ. ಅವನ ಮೇಲೆ ಅಷ್ಟು ಪ್ರೀತಿಯಾಗಿಬಿಟ್ಟಿತ್ತು, ಇನ್ನು ಮುಚ್ಚಿಡುವುದೇನು!

ದಾದರಿನ ಬ್ರಿಡ್ಜಿನ ಮೇಲೆ, ಜನರ ನೂಕುನುಗ್ಗಲಿನಲ್ಲಿ ಕಂಬಿಗೆ ಒರಗಿ ನಿಂತು, ಎಲ್ಲ ಹೇಳಿದಳು. ಮೊಬೈಲಿನಲ್ಲಿ ಡಬ್ಬಿಯ ಫೋಟೋ ತೋರಿಸಿದಳು.

ನವೀನ ಮೊದಲು ನಕ್ಕ. ಆಮೇಲೆ ಮುಖ ಬಿಗಿಯಿತು. "ಹೋಟೆಲಿನ ಅಜ್ಜ. ಅಷ್ಟೇ. ನಾನು ಹೇಳ್ತಿದ್ದದ್ದೇ ಸರಿ."

"ಅಷ್ಟೇ ಅಂದ್ರೆ?"

"ನಿಮಗೇನು ರಂಜನಾ, ಥೀಸಿಸ್‌ಗೆ ಒಳ್ಳೇ ಚಾಪ್ಟರ್ ಸಿಕ್ತು. ನಮ್ಮ ಅಮ್ಮನಿಗೆ ಎಂತ ಉಳೀತು? ಅಪ್ಪ ಹೋದ ಮೇಲೆ ಆ ಕಥೆ ಹಿಡಿದುಕೊಂಡೇ ಬದುಕಿದ್ದು ಅವಳು. ನಾನು ನಂಬಲಿಲ್ಲ, ಸರಿ. ಆದರೆ ಒಡೆದು ಹಾಕ್ಲಿಲ್ಲ."

ಅವಳು ಮೊಬೈಲನ್ನು ಚೀಲಕ್ಕೆ ಹಾಕಿದಳು. "ಹೇಳೋದು ಬಿಡೋದು ನಿಮಗೆ ಬಿಟ್ಟದ್ದು. ಥೀಸಿಸ್‌ನಲ್ಲಿ ಒಂದಕ್ಷರ ಬರೆಯೋದಿಲ್ಲ. ಆದರೆ ಒಂದು ಕೇಳಿ. ನಿಮ್ಮ ಅಮ್ಮನ ಒಂದು ಬಟ್ಟಲು ಗಂಜಿಯಿಂದ ನನ್ನ ಅಜ್ಜ ಮನೆಗೆ ಬಂದ್ರು. ಅವತ್ತಿನಿಂದ ಎಷ್ಟು ಸಾವಿರ ಜನ ನಮ್ಮಲ್ಲಿ ಆ ಹೆಸರಿನಲ್ಲಿ ಉಂಡಿದ್ದಾರೆ. ಇದು ಅಷ್ಟೇನಾ ನಿಮಗೆ?"

ಸ್ಲೋ ಲೋಕಲ್ ಬಂತು. ಅವಳು ತಿರುಗಿ ನೋಡದೆ ಇಳಿದು ಹೋದಳು.

ಎಂಟು ದಿನ ಫೋನಿಲ್ಲ. ಬುಧವಾರ ಬಂತು, ಹೋಯಿತು. ಹೋಟೆಲಿನಲ್ಲಿ ಯಾರೋ ಬಾದಾಮಿ ಹಾಲು ಕೇಳಿದರೆ ಅವಳ ಕಣ್ಣು ತುಂಬುತ್ತಿತ್ತು. ಅಜ್ಜಿ, "ಎಂತಾಯ್ತೇ ನಿನಗೆ, ದೃಷ್ಟಿ ತೆಗೆಯಬೇಕಾ?" ಎಂದು ಎರಡು ಸಲ ಕೇಳಿದರು.

ಒಂಬತ್ತನೇ ದಿನ ಬೆಳಿಗ್ಗೆ ಒಂದು ಮೆಸೇಜು. 'ಅಜ್ಜ ಚಪ್ಪಲಿಯನ್ನು ಎಲ್ಲಿ ಇಟ್ಟುಕೊಂಡಿದ್ದರು?'

ಇದೆಂಥ ಪ್ರಶ್ನೆ? ಅಜ್ಜನನ್ನು ಕೇಳಿದಳು.

"ತಲೆ ಮೇಲೆ," ಎಂದರು ಅಜ್ಜ ನಗುತ್ತ. "ಹೊಸ ಚಪ್ಪಲಿ. ಒದ್ದೆ ಆಗಬಾರದಲ್ಲ. ಅಲ್ಲೊಂದು ಶಾಲೆಯ ಮಹಡಿಯಲ್ಲಿ ಮಕ್ಕಳೆಲ್ಲ ಕಿಟಕಿಗೆ ಜೋತು ಬಿದ್ದು ಬಿಸ್ಕೆಟ್ ತಿಂತಿದ್ದವು. ಅಜೋಬಾ, ಅಜೋಬಾ ಅಂತ ಮರಾಠಿಯಲ್ಲಿ ಅಜ್ಜನನ್ನು ಕರೆಯುವ ಹಾಗೆ ಕೂಗಿದವು. ಕೈ ಬೀಸಿದೆ. ಆ ತಾಯಿ ಗಂಜಿ ಬಡಿಸುವಾಗೆಲ್ಲ ನನ್ನ ಮಗ ಶಾಲೆಯಲ್ಲಿದ್ದಾನೆ ಅಂತ ಅಳ್ತಾನೇ ಇದ್ರು, ಅದಕ್ಕೆ ಧೈರ್ಯ ಹೇಳಿದೆ."

ರಂಜನಾ 'ತಲೆ ಮೇಲೆ' ಎಂದು ಬರೆದು ಕಳಿಸಿದಳು. ತಕ್ಷಣ ಫೋನ್ ಬಂತು.

"ನಾನು ನೋಡಿದ್ದೇನೆ ಅವರನ್ನು," ಎಂದ ನವೀನ. "ತಲೆ ಮೇಲೆ ಚಪ್ಪಲಿ ಇಟ್ಟುಕೊಂಡ ಬಿಳಿ ಬಟ್ಟೆಯ ಅಜ್ಜ. ನಾವೆಲ್ಲ ನಕ್ಕದ್ದು. ನಾನೇ ಮೊದಲು ಕೂಗಿದ್ದು ರಂಜನಾ! ಇಷ್ಟು ವರ್ಷ ಪ್ರೂಫ್ ಪ್ರೂಫ್ ಅಂತ ಬಡ್ಕೊಂಡೆ, ಸಾಕ್ಷಿ ನಾನೇ ಆಗಿದ್ದೆ." ಆಮೇಲೆ ಹೇಳಿದ, "ಅವತ್ತು ಹಾಗೆ ಮಾತಾಡ್ಬಾರದಿತ್ತು ನಾನು. ಅಮ್ಮನನ್ನು ಕರ್ಕೊಂಡು ಬರ್ತೇನೆ. ಏನಾಗ್ತದೋ ಆಗ್ಲಿ. ನೀನು ಪಕ್ಕದಲ್ಲಿರು."

ನೀನು ಎಂದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಇವಳಿಗೆ ಗೊತ್ತಾಯಿತು, ಫೋನ್ ಇಟ್ಟ ಮೇಲೂ ಬಹಳ ಹೊತ್ತು ಗೊತ್ತಾಗುತ್ತಲೇ ಇತ್ತು.

*

ಶನಿವಾರ ಮಧ್ಯಾಹ್ನ ಊಟದ ಗದ್ದಲ. ತಾಯಿಯನ್ನು ಕರೆದುಕೊಂಡು ನವೀನ ಒಳಗೆ ಬಂದ. ರಂಜನಾಳ ಹೋಟೆಲಿನಲ್ಲಿ ಊಟ ಎಂದಷ್ಟೇ ಹೇಳಿದ್ದ. ಮುಂದಿನದ್ದನ್ನು ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿ ಬೆವೆತಿದ್ದ. ಮೂವರೂ ಕೂತರು. ಪಕ್ಕದ ಟೇಬಲಿಗೆ ಹಮಾಲಿ ಕೆಲಸದ ಒಬ್ಬ ಮುದುಕ ಬಂದು ಹಿಂಜರಿಯುತ್ತ ಅಂಚಿನಲ್ಲಿ ಕೂತ. ಗಲ್ಲಾದಿಂದ ಅಜ್ಜನ ಸನ್ನೆಯಾಯಿತು.

"ಒಂದು ವಿನೋದಿನಿ!" ಎಂದು ಕೂಗಿದ ಸಪ್ಲೈಯರ್ ಸುಭಾಷ.

ಸಿಸ್ಟರ್ ಸುವರ್ಣ ಬೆಚ್ಚಿ ತಿರುಗಿದರು. "ಯಾರು? ಯಾರು ಕರೆದದ್ದು ನನ್ನನ್ನು?"

ಊಟದ ತಟ್ಟೆ ಅವರ ಕಣ್ಣೆದುರೇ ಆ ಮುದುಕನ ಮುಂದೆ ಹೋಗಿ ಕೂತಿತು. ರಂಜನಾ ಅವರ ಕೈ ಹಿಡಿದು, ಆ ಕೂಗಿನ ಅರ್ಥವೇನು, ಯಾವಾಗಿನಿಂದ ಹಾಗೆ ಕೂಗುತ್ತಾರೆ ಎಂದು ಹೇಳಿದಳು. ಹೇಳಿ ಮುಗಿಯುವ ಮೊದಲೇ ಸೀನ ಶೆಟ್ಟರು ಡಬ್ಬಿ ಹಿಡಿದುಕೊಂಡು, ಕೋಲೂರಿ, ಟೇಬಲಿನ ತನಕ ಬಂದಿದ್ದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೋಟೆಲಿನ ಗದ್ದಲ ಎಲ್ಲಿ ಹೋಯಿತೋ.

"ಹೆಸರು ಸರಿ ಉಂಟಲ್ಲಮ್ಮ?" ಎಂದರು ಅಜ್ಜ. "ಸವೆದುಹೋಗಬಾರದು ಅಂತ ಜೋರಾಗಿ ತಿಕ್ಕಲು ಬಿಡ್ಲಿಲ್ಲ ನಾನು."

ವಿನೋದಿನಿಯಮ್ಮ ಡಬ್ಬಿಯ ಅಕ್ಷರಗಳ ಮೇಲೆ ಬೆರಳಾಡಿಸಿದರು. ಅತ್ತರು. ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಅತ್ತರು. ನವೀನ ತಾಯಿಯ ಪಕ್ಕ ಮೊಣಕಾಲೂರಿ ಕೂತ.

"ಅಮ್ಮಾ, ಇವರು... ಆ ಮೂವರಲ್ಲಿ..."

"ಗೊತ್ತಾಯ್ತೋ. ನನಗೆ ಕಣ್ಣು ಕಾಣ್ತದೆ," ಎಂದರು ಅವರು. "ಇವರು ಬೈಕುಲ್ಲಾದವರು. ಆಗ್ಲಿ. ಅಷ್ಟು ದೊಡ್ಡ ಕುರ್ಲಾದಲ್ಲಿ, ಅಷ್ಟು ನೀರಿನಲ್ಲಿ, ನನ್ನ ಮೆಟ್ಟಿಲ ಮೇಲೇ ಯಾಕೆ ಕೂತ್ರು? ನಿನ್ನನ್ನು ನೋಡಿಯೇ ಯಾಕೆ ಬಂದ್ರು? ಅದಕ್ಕೆ ಟೇಪ್ ಹಿಡಿ ನೋಡುವ!" ಆಮೇಲೆ ಕಣ್ಣೀರಿನಲ್ಲೇ ನಕ್ಕರು. "ನಾನು ಜನವರಿಯಲ್ಲೂ ಎದ್ದು ಹೇಳುವವಳೇ. ಕಥೆ ಸ್ವಲ್ಪ ಉದ್ದ ಆಯ್ತು, ಅಷ್ಟೇ."

ನವೀನ ತಾಯಿಯ ಮಡಿಲಿನಲ್ಲಿ ಮುಖ ಇಟ್ಟ. ರಂಜನಾ ಆ ಕಡೆ ತಿರುಗಿ ನೀರಿನ ಲೋಟ ಜೋಡಿಸಿದಳು, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು.

"ಡಬ್ಬಿ ತಗೊಳ್ಳಿಯಮ್ಮ," ಎಂದರು ಅಜ್ಜ. "ತಡೀರಿ ತಡೀರಿ, ಖಾಲಿ ಕೊಡಬಾರದು." ಒಳಗಿನಿಂದ ಅವಲಕ್ಕಿ ಬೆಲ್ಲ ತರಿಸಿ ಬಾಯಿ ತನಕ ತುಂಬಿಸಿದರು. ಗಲ್ಲಾದ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅಜ್ಜಿ, "ಇಪ್ಪತ್ತು ವರ್ಷ ನನ್ನ ಹೊಟ್ಟೆ ಉರಿಸಿದಿರಲ್ಲ," ಎಂದು ಗಂಡನ ಬೆನ್ನಿಗೊಂದು ಮೆಲ್ಲಗೆ ಗುದ್ದಿದರು. ಗುದ್ದಿದ ಕೈಯನ್ನು ತೆಗೆಯಲಿಲ್ಲ.

*

ಖಾಲಿ ಡಬ್ಬಿ ಕೊಡಬಾರದು ಎಂಬ ಶಾಸ್ತ್ರ ಅಜ್ಜನಿಗೆ ಮಾತ್ರ ಉಂಟಾ? ಮರುದಿನವೇ ವಿನೋದಿನಿಯಮ್ಮ ಅದರಲ್ಲಿ ಚಕ್ಕುಲಿ ತುಂಬಿಸಿ ಮಗನ ಕೈಯಲ್ಲಿ ಕೊಟ್ಟರು, ಹಿರಿಯರಿಗೆ ಅಂತ. ಅಜ್ಜಿ ಅದಕ್ಕೆ ಎಳ್ಳುಂಡೆ ಹಾಕಿ ಮೊಮ್ಮಗಳ ಕೈಯಲ್ಲಿ ಕಳಿಸಿದರು. ಅಲ್ಲಿಂದ ಉಪ್ಪಿನಕಾಯಿ ಬಂತು. ಇಲ್ಲಿಂದ ಕಾಯಿ ಹೋಳಿಗೆ ಹೋಯಿತು. ಡಬ್ಬಿ ಕುರ್ಲಾ ಬೈಕುಲ್ಲಾ ನಡುವೆ ಲೋಕಲಿನಲ್ಲಿ ಓಡಾಡಿದ್ದೇ ಓಡಾಡಿದ್ದು. ಕೈ ಬದಲಾಗುವ ಜಾಗ ದಾದರಿನ ಬ್ರಿಡ್ಜು, ಅದೇ ಕಂಬಿ.

ಡಿಸೆಂಬರಿನ ಕೊನೆಯ ಶನಿವಾರ ನವೀನ ಡಬ್ಬಿ ಕೊಟ್ಟು, "ಇಲ್ಲೇ ತೆಗೆ," ಎಂದ.

ಕೊಬ್ಬರಿ ಮಿಠಾಯಿಯ ಮೇಲೆ ಮಡಿಸಿಟ್ಟ ಒಂದು ಕಾಗದ. ಸಭೆಯ ಇತಿಹಾಸದ ಒಂದು ಪುಟದ ನಕಲು, ಅವನ ನೇರ ನೇರ ಅಕ್ಷರದಲ್ಲಿ.

'ಜುಲೈ 26, 2005. ಸಿಸ್ಟರ್ ವಿನೋದಿನಿ ಸುವರ್ಣ ಮನೆಯ ಮೆಟ್ಟಿಲಲ್ಲಿ ಕೂತ ಒಬ್ಬ ಮುದುಕರಿಗೆ ಇದ್ದಷ್ಟು ಗಂಜಿ ಬಡಿಸಿದರು. ದೇವರೇ ಅವರನ್ನು ಕಳಿಸಿದ್ದೆಂದು ನಂಬಿದರು. ಉಂಡವರು ಬಡಿಸಿದವರ ವಿಷಯದಲ್ಲಿ ಹಾಗೆಯೇ ನಂಬಿದರು. ಇಬ್ಬರೂ ಇಪ್ಪತ್ತು ವರ್ಷ ಆ ನಂಬಿಕೆಗೆ ತಕ್ಕಂತೆ ನಡೆದುಕೊಂಡರು. ಇದನ್ನು ಬರೆಯುವವನು ಆ ದಿನ ಆ ಮುದುಕರನ್ನು ಕಣ್ಣಾರೆ ಕಂಡಿದ್ದಾನೆ.'

ರಂಜನಾ ಎರಡು ಸಲ ಓದಿದಳು. ಮೂರನೇ ಸಲ ಅಕ್ಷರ ಮಸುಕಾಯಿತು.

"ಕಳಿಸಿಯಾಯ್ತಾ?"

"ನಿನ್ನೆಯೇ. ಅಮ್ಮ ಓದಿಸಿ ಓದಿಸಿ ಕೇಳಿದ್ಲು. ಈಗ ಬಿಲ್ಡಿಂಗಿಗೆಲ್ಲ ತನ್ನ ಹೆಸರು ಹೇಳ್ಕೊಂಡು ಬರ್ತಿದ್ದಾಳೆ." ಅವನು ಕಂಬಿ ಹಿಡಿದುಕೊಂಡ, ಬಿಟ್ಟ, ಮತ್ತೆ ಹಿಡಿದ. ಕಿವಿ ಕೆಂಪಾಗಿತ್ತು. "ರಂಜನಾ, ಎಷ್ಟು ದಿನ ಅಂತ ಈ ಡಬ್ಬಿ ಹೀಗೆ ಲೋಕಲಿನಲ್ಲಿ ಓಡಾಡೋದು? ಒಂದೇ ಮನೆಯಲ್ಲಿ ಇಟ್ಟುಬಿಡುವ."

"ಯಾರ ಮನೆಯಲ್ಲಿ?"

"ನಮ್ಮ ಮನೆಯಲ್ಲಿ."

"ನಮ್ಮ ಅಂದ್ರೆ?"

"ಹೇಳಿಸಬೇಡ ಮಾರಾಯ್ತಿ, ಜನ ನೋಡ್ತಿದ್ದಾರೆ." ಆದರೂ ಹೇಳಿದ, ಅವಳ ಕಿವಿಯ ಹತ್ತಿರ ಬಗ್ಗಿ, ಮೂರೇ ಮಾತು. ಅಷ್ಟರಲ್ಲಿ ಫಾಸ್ಟ್ ಲೋಕಲೊಂದು ಕೆಳಗೆ ಧಡಧಡ ಹಾದುಹೋಯಿತು. ಅವಳಿಗೆ ಎಲ್ಲ ಕೇಳಿಸಿತ್ತು, ಆದರೂ "ಎಂತ? ಇನ್ನೊಮ್ಮೆ ಹೇಳು," ಎಂದಳು. ಅವನು ಇನ್ನೊಮ್ಮೆ ಹೇಳಿದ.

"ನಾನು ಕಾಫಿ ಬಿಡೋದಿಲ್ಲ," ಎಂದಳು.

"ಬಿಡ್ಬೇಡ. ನಾನು ಕುಡಿಯೋದಿಲ್ಲ."

"ನನ್ನ ದೇವರ ಪಟ?"

"ಡಬ್ಬಿಯ ಪಕ್ಕವೇ ಇರ್ಲಿ. ಇಷ್ಟು ವರ್ಷ ಹಾಗೇ ಇತ್ತಲ್ಲ."

ಅವನ ಬಲಗೆನ್ನೆಯಲ್ಲಿ ಗುಳಿ ಮೂಡಿತ್ತು. ಈ ಸಲ ಅದು ಹೋಗುವ ಅವಸರದಲ್ಲಿರಲಿಲ್ಲ. ರಂಜನಾ ಡಬ್ಬಿಯಿಂದ ಒಂದು ಮಿಠಾಯಿ ಎತ್ತಿದಳು, ಅವನ ಬಾಯಿಯ ತನಕ ತಂದು ನಿಲ್ಲಿಸಿದಳು.

"ಇವತ್ತು ಉಪವಾಸ ಇಲ್ಲ ತಾನೇ?"